ಮರಳಿ ಬಂದವರಾರು?

ಕೆಲವು ಮಾತುಗಳು ಲೋಕದಲ್ಲಿ ಎಷ್ಟು ಬೇಗ ರೂಢಿಗೆ ಬಂದುಬಿಡುತ್ತವೆಯೆಂದರೆ, ಅವುಗಳ ಅರ್ಥವನ್ನು ನಿಂತು ನೋಡುವ ವ್ಯವಧಾನ ಯಾರಿಗೂ ಉಳಿಯುವುದಿಲ್ಲ. 2021ನೆಯ ಇಸವಿಯ ಆಗಸ್ಟಿನಿಂದ ಅಕ್ಟೋಬರಿನವರೆಗೆ ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇದ್ದ ಅಂಥ ಮಾತೊಂದುಂಟು. ಅದು 'ಮಕ್ಕಳು ಶಾಲೆಗೆ ಮರಳಿದರು' ಎಂಬುದು. ಆಗಸ್ಟ್ 23ರಂದು ಒಂಬತ್ತನೆಯ ತರಗತಿಯಿಂದ ಮೇಲಿನವರು ಬಂದರು. ಸೆಪ್ಟೆಂಬರ್ 6ರಂದು ಆರರಿಂದ ಎಂಟರವರೆಗಿನವರು ಬಂದರು. ಕೊನೆಗೆ ಅಕ್ಟೋಬರ್ 25ರಂದು ಒಂದರಿಂದ ಐದರವರೆಗಿನ ಚಿಕ್ಕವರೂ ಬಂದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಕೆಲವೆಡೆ ಮಕ್ಕಳಿಗೆ ಆರತಿ ಎತ್ತಿದರು, ಹೂ ಎರಚಿದರು, ಸಿಹಿ ಹಂಚಿದರು. ದೂರದ ಪಯಣ ಮುಗಿಸಿ ಮನೆಗೆ ಬಂದ ಮಗನನ್ನು ಬರಮಾಡಿಕೊಳ್ಳುವ ಸಂಭ್ರಮವೇ ಅಲ್ಲಿ ಕಾಣುತ್ತಿತ್ತು.

ಆ ದಿನದ ಒಂದು ಸಂಗತಿಯನ್ನು ಯರಗೇರಾ ಸೀಮೆಯ ಒಂದು ಹಳ್ಳಿಯ ಉಪಾಧ್ಯಾಯಿನಿಯೊಬ್ಬರು ನಮಗೆ ಹೇಳಿದರು. ಮಕ್ಕಳೆಲ್ಲ ಪ್ರಾರ್ಥನೆ ಮುಗಿಸಿ ತಂತಮ್ಮ ಕೋಣೆಗಳಿಗೆ ಹೋದ ಮೇಲೆ, ಹಾಜರಿ ಪುಸ್ತಕದ ಪ್ರಕಾರ ಮೂರನೆಯ ತರಗತಿಗೆ ಸೇರಿದ ಒಬ್ಬ ಹುಡುಗ ಮಾತ್ರ ಒಂದನೆಯ ತರಗತಿಯ ಕೋಣೆಗೆ ಹೋಗಿ, ಗೋಡೆಯ ಮಗ್ಗುಲಿಗೆ, ಕಿಟಕಿಯ ಕೆಳಗೆ ಕುಳಿತುಬಿಟ್ಟನಂತೆ. 'ಎದ್ದು ಬಾರಪ್ಪಾ, ನೀನೀಗ ಮೂರನೇತ್ತ' ಎಂದು ಆಕೆ ಕರೆದರೆ, 'ನಮ್ ಕ್ವಾಣಿ ಇದs ಐತ್ರಿ ಟೀಚರ್' ಎಂದನಂತೆ. 2020ರ ಮಾರ್ಚಿಯಲ್ಲಿ ಅವನು ಎದ್ದುಹೋದ ಜಾಗ ಅದೇ ಆಗಿತ್ತು. ಹತ್ತೊಂಬತ್ತು ತಿಂಗಳ ಮೇಲೆ ಅದೇ ಜಾಗಕ್ಕೆ ಬಂದು ಕುಳಿತಿದ್ದನು. ನಗುವಂಥ ಸಂಗತಿಯೆಂದೇ ಆಕೆ ಹೇಳತೊಡಗಿದರು. ಹೇಳಿ ಮುಗಿಸುವ ವೇಳೆಗೆ ಇಬ್ಬರಿಗೂ ನಗು ಬರಲಿಲ್ಲ.

ಆ ಹುಡುಗನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದಷ್ಟೂ ನಮಗೆ ಮೇಲೆ ಹೇಳಿದ ಮಾತಿನ ಮೇಲೆ ಸಂದೇಹವೇ ಹೆಚ್ಚುತ್ತದೆ. ಮರಳುವುದೆಂದರೆ ಮೊದಲು ಬಿಟ್ಟುಹೋಗಿರಬೇಕಷ್ಟೆ? ಮಕ್ಕಳು ಶಾಲೆಯನ್ನು ಬಿಟ್ಟುಹೋದದ್ದು ಯಾವಾಗ? 2020ರ ಮಾರ್ಚಿ ನಡುವೆ ಬೀಗ ಬಿದ್ದದ್ದು ಶಾಲೆಯ ಬಾಗಿಲಿಗೆ. ಮಕ್ಕಳು ಇದ್ದ ಊರಿನಲ್ಲಿಯೇ ಇದ್ದರು. ಹಾಗಿದ್ದ ಮೇಲೆ ಅಕ್ಟೋಬರಿನಲ್ಲಿ ಮರಳಿ ಬಂದವರು ಯಾರು, ಅಲ್ಲಿಯೇ ಕಾದಿದ್ದವರು ಯಾರು? ಇದು ಬರಿಯ ಶಬ್ದಚಮತ್ಕಾರವೆಂದು ವಾಚಕರು ತಳ್ಳಿಹಾಕಲಾಗದು. ಮರಳಿ ಬಂದವನು ಲೆಕ್ಕ ಒಪ್ಪಿಸತಕ್ಕವನು, ಕಾದಿದ್ದವನು ಲೆಕ್ಕ ಕೇಳತಕ್ಕವನು ಎಂಬುದು ಎಲ್ಲ ಮನೆಗಳಲ್ಲಿಯೂ ಇರುವ ನ್ಯಾಯ. ಯಾರು ಯಾರೆಂಬುದು ತಿರುವುಮುರುವಾದರೆ ಋಣವೂ ತಿರುವುಮುರುವಾಗುತ್ತದೆ.

ಆ ಅವಧಿಯನ್ನು ನಾವು ದೂರಶಿಕ್ಷಣದ ಕಾಲವೆಂದು ಕರೆದೆವು. ಈ ಹೆಸರಿನ ವಿಷಯದಲ್ಲಿಯೂ ಒಂದು ಮಾತುಂಟು. ದೂರಶಿಕ್ಷಣವೆಂಬುದು ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿಯೇ ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡನ್ನು ಮಾಡಿತು. ಅದರಿಂದ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ದೀಪದ ಮುಂದೆ ಓದಿದ ಗುಮಾಸ್ತರೂ, ಮದುವೆಯಾಗಿ ಮಕ್ಕಳಾದ ಮೇಲೆ ಪದವಿ ಪಡೆದ ಗೃಹಿಣಿಯರೂ ನಮ್ಮ ಬಂಧುಬಳಗದಲ್ಲಿಯೇ ಇದ್ದಾರೆ. ಅವರು ಓದಲು ಬರೆಯಲು ಕಲಿತ ಮೇಲೆ, ತಮ್ಮ ಇಚ್ಛೆಯಿಂದ, ತಾವೇ ಅಳೆದು ದೂರವನ್ನು ಒಪ್ಪಿಕೊಂಡವರು. ಅಕ್ಷರವನ್ನೇ ತಿದ್ದದ ಆರು ವರ್ಷದ ಕೂಸಿಗೆ ದೂರವನ್ನು ಹೇರಿದ್ದು ಬೇರೆಯದೇ ಸಂಗತಿ. ಒಬ್ಬನು ವ್ರತಕ್ಕಾಗಿ ಉಪವಾಸ ಮಾಡುತ್ತಾನೆ, ಒಬ್ಬನು ಹಿಟ್ಟಿಲ್ಲದೆ ಉಪವಾಸ ಬೀಳುತ್ತಾನೆ. ಎರಡನ್ನೂ ಉಪವಾಸವೆಂದೇ ಕರೆಯುತ್ತೇವೆ.

ಏನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. 2020ರ ಜುಲೈಯಿಂದ ದೂರದರ್ಶನದ ಚಂದನವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ 'ಸಂವೇದ' ಎಂಬ ಹೆಸರಿನ ಪಾಠಗಳು ಪ್ರಸಾರವಾದವು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಿತು. ಶಾಲೆಗೆ ಮಕ್ಕಳು ಬರುವ ಬದಲು ಉಪಾಧ್ಯಾಯರೇ ಓಣಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ, ಬೇವಿನ ಮರದ ನೆರಳಿನಲ್ಲಿ ಅವರನ್ನು ಕೂಡಿಸಿಕೊಂಡು ಪಾಠ ಹೇಳಿದರು. ನಮ್ಮ ಮತಿಗೆ ತೋರುವಂತೆ ಆ ಎರಡು ವರ್ಷಗಳಲ್ಲಿ ನಡೆದ ಕೆಲಸಗಳಲ್ಲೆಲ್ಲ ಗುರುಧರ್ಮಕ್ಕೆ ಅತ್ಯಂತ ಹತ್ತಿರವಾದದ್ದು ಇದೇ. ಉಪಾಧ್ಯಾಯರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಬಳಿಕ ಚಿಕ್ಕವರಿಗೆ ಉಳಿದದ್ದು ಮೊಬೈಲು.

ಮೊಬೈಲಿನ ಕಥೆಯನ್ನು ನಮ್ಮ ಜಿಲ್ಲೆಯವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 2011ರ ಜನಗಣತಿಯ ಮೇರೆಗೆ ರಾಯಚೂರು ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ ಅರುವತ್ತರ ಒಳಗೆ. ಹೆಂಗಸರಲ್ಲಿ ಐವತ್ತರ ಒಳಗೆ. ಆ ಮಕ್ಕಳ ತಾಯಂದಿರಲ್ಲಿ ಎಷ್ಟು ಮಂದಿ ಪಾಠಕ್ಕೆ ನೆರವಾಗಬಲ್ಲವರಾಗಿದ್ದರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಮನೆಗೆ ಒಂದು ಫೋನು ಇದ್ದರೆ ಅದು ದುಡಿಯುವ ಗಂಡಸಿನ ಜೇಬಿನಲ್ಲಿ ಹೊಲಕ್ಕೋ ಗಾರೆಕೆಲಸಕ್ಕೋ ಹೋಗುತ್ತಿತ್ತು. ಸಂಜೆ ಬಂದಾಗ ಹಣ ತುಂಬಿಸದೆ ಅದು ಮೂಕವಾಗಿರುತ್ತಿತ್ತು. ಬೆಂಗಳೂರಿಗೆ ಗುಳೆ ಹೋಗಿದ್ದವರು ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದರು. ಬಾಯಿಗಳು ಹೆಚ್ಚಿದವು, ಗಂಜಿ ಹೆಚ್ಚಲಿಲ್ಲ. ಹತ್ತಿ ಒಡೆಯುವ ಕಾಲ ಬಂದೊಡನೆ, ಮೆಣಸಿನಕಾಯಿ ಕೆಂಪಾದೊಡನೆ, ಬಿಡಿಸಲು ಚಿಕ್ಕ ಕೈಗಳು ಬೇಕಾದವು. ಬಾಗಿಲು ಮುಚ್ಚಿದ ಶಾಲೆಯ ಮುಂದೆ ಎಷ್ಟು ದಿನ ನಿಂತಾರು? ಹುಡುಗರು ಹೊಲಕ್ಕೆ ಹೋದರು. ಕೆಲವು ಹುಡುಗಿಯರು, ಮಾನ್ವಿ ದೇವದುರ್ಗಗಳ ಹಳ್ಳಿಗಳಲ್ಲಿ ಕೇಳಿದರೆ ತಿಳಿಯುತ್ತದೆ, ಅತ್ತೆಯ ಮನೆಗೆ ಹೋದರು. ಅವರಲ್ಲಿ ಅಕ್ಟೋಬರಿನ ತೋರಣವನ್ನು ಕಾಣದವರೂ ಉಂಟು.

ನಮ್ಮ ಹಿರಿಯರು ಶಿಷ್ಯನಿಗೆ ಕೊಟ್ಟ ಹೆಸರುಗಳಲ್ಲಿ ಒಂದು 'ಅಂತೇವಾಸಿ': ಸಮೀಪದಲ್ಲಿ ವಾಸಿಸುವವನು. ಉಪನಿಷತ್ತೆಂಬ ಶಬ್ದವನ್ನು ಕೂಡ ಹತ್ತಿರದಲ್ಲಿ ಕುಳಿತು ಕೇಳುವುದೆಂದು ಬಿಡಿಸುತ್ತಾರೆ. ತೈತ್ತಿರೀಯದಲ್ಲಿ ವ್ಯಾಕರಣದಿಂದ ತೆಗೆದುಕೊಂಡ ಒಂದು ಸೊಗಸಾದ ಹೋಲಿಕೆಯಿದೆ. ಗುರು ಪೂರ್ವಾಕ್ಷರ, ಶಿಷ್ಯ ಉತ್ತರಾಕ್ಷರ, ವಿದ್ಯೆಯೇ ಅವೆರಡರ ಸಂಧಿ ಎಂದು ಅದರ ತಾತ್ಪರ್ಯ. ಎರಡು ಅಕ್ಷರಗಳು ತಗುಲದೆ ಸಂಧಿ ಹೇಗಾದೀತು? ಇದನ್ನು ಮಡಿವಂತ ಭಾವನೆಯೆಂದು ಎಣಿಸಬಾರದು; ದಿನಬಳಕೆಯ ಲೆಕ್ಕದಲ್ಲಿಯೂ ಇದು ಕಾಣುತ್ತದೆ. ಐವತ್ತೆರಡರಲ್ಲಿ ಮೂವತ್ತೆಂಟನ್ನು ಕಳೆಯೆಂದರೆ ಒಬ್ಬ ಹುಡುಗ 26 ಎಂದು ಬರೆಯುತ್ತಾನೆ. ಫೋನಿನಲ್ಲಿ ಬಂದ ಉತ್ತರವನ್ನು ನೋಡಿದ ಉಪಾಧ್ಯಾಯರಿಗೆ ಕಾಣುವುದು ತಪ್ಪೆಂದಷ್ಟೆ. ಮಗ್ಗುಲಲ್ಲಿ ನಿಂತು ಪಾಟಿಯನ್ನು ನೋಡುತ್ತಿರುವವರಿಗೆ, ಎರಡರಲ್ಲಿ ಎಂಟು ಹೋಗದೆಂದು ಕಂಡು ಆ ಹುಡುಗ ಎಂಟರಲ್ಲಿಯೇ ಎರಡನ್ನು ಕಳೆದನೆಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಅವನಿಗೆ ಕಳೆಯುವುದು ಬರುತ್ತದೆ, ಹತ್ತರ ಮನೆಯಿಂದ ಕಡ ತರುವುದು ಮಾತ್ರ ಬರದು. ಈ ಎರಡು ತಿಳಿವಳಿಕೆಗಳ ನಡುವಣ ಅಂತರವೇ ದೂರಕ್ಕೂ ಸಮೀಪಕ್ಕೂ ಇರುವ ಅಂತರ. ಚಂದನವಾಹಿನಿಯ ಪಾಠದಲ್ಲಿ ಮಗುವಿಗೆ ಗುರು ಕಾಣುತ್ತಿದ್ದರು; ಗುರುವಿಗೆ ಮಗು ಕಾಣುತ್ತಿರಲಿಲ್ಲ.

ಆದರೆ ಸಮೀಪವೆಂದರೆ ಮೈಯ ಸಮೀಪವೊಂದೇ ಅಲ್ಲವೆಂಬುದಕ್ಕೂ ನಮ್ಮ ಸೀಮೆಯೇ ಸಾಕ್ಷಿ. ನಿಜಾಮರ ಆಳಿಕೆಯಲ್ಲಿ, 1948ರ ಸೆಪ್ಟೆಂಬರಿನವರೆಗೆ, ರಾಯಚೂರಿನ ಕನ್ನಡ ಮನೆಯ ಹುಡುಗ ಪ್ರೌಢಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಕೇಳುತ್ತಿದ್ದನು. ಮೇಲಕ್ಕೆ ಹೋದರೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನದೇ. ಉರ್ದು ಸುಂದರವಾದ ಭಾಷೆ, ಅದನ್ನು ಪ್ರೀತಿಸಿ ಕಲಿತ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಆದರೂ ತಾಯಿಯ ನುಡಿ ಶಾಲೆಯ ಹೊಸಿಲಲ್ಲಿ ನಿಂತುಬಿಡುತ್ತಿತ್ತು. ಗುರುವಿನಿಂದ ಮೂರು ಮೊಳದ ದೂರದಲ್ಲಿ ಕುಳಿತಿದ್ದ ಆ ಹುಡುಗ ಗಾವುದಗಳಾಚೆ ಇದ್ದನು. ಪಂಡಿತ ತಾರಾನಾಥರಂಥವರು ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದಾಗ, ಅದಕ್ಕೂ ಮೊದಲು 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿದಾಗ, ಅವರು ಅಳಿಸಲು ಹೊರಟದ್ದು ಇಂಥ ದೂರವನ್ನೇ ಅಲ್ಲವೆ? ಆದಕಾರಣ ಬಾಗಿಲು ತೆರೆದು ಮಕ್ಕಳನ್ನು ಒಳಗೆ ಕೂಡಿಸಿದಮಾತ್ರಕ್ಕೆ ದೂರ ತೀರಿತೆಂದು ಹೇಳುವಂತಿಲ್ಲ. ಅಕ್ಷರ ಮರೆತ ಮಗುವಿನ ಮುಂದೆ ಮೂರನೆಯ ಪುಸ್ತಕವನ್ನು ತೆರೆದಿಟ್ಟರೆ ಅದೂ ಅವನಿಗೆ ಅರಿಯದ ಭಾಷೆಯೇ.

ದೂರದಿಂದ ಕಲಿತವನೆಂದೊಡನೆ ನಮ್ಮವರಿಗೆ ಏಕಲವ್ಯನ ನೆನಪಾಗುತ್ತದೆ. ಫೋನಿನ ಪಾಠದ ಕಾಲದಲ್ಲಿ ಈ ಹೆಸರನ್ನು ಧಾರಾಳವಾಗಿ ಬಳಸಿದರು. ನೋಡಿ, ಗುರುವಿಲ್ಲದೆಯೂ ಛಲವಿದ್ದವನು ಕಲಿಯುತ್ತಾನೆ, ಎಂದು. ಈ ಉಪಯೋಗ ನಮಗೆ ಹಿಡಿಸದು. ಮೊದಲನೆಯದಾಗಿ, ಸಾವಿರದಲ್ಲಿ ಒಬ್ಬನಿಗೆ ಸಾಧ್ಯವಾದದ್ದನ್ನು ಉಳಿದವರ ಮೇಲೆ ಆರೋಪಿಸುವುದು ನ್ಯಾಯವಲ್ಲ. ಎರಡನೆಯದಾಗಿ, ಆ ಸಾವಿರದಲ್ಲೊಬ್ಬನಿಗೂ ಬರಿಯ ಬಿಲ್ಲು ಸಾಲಲಿಲ್ಲ. ಮಣ್ಣು ಮಿದಿದು ಒಂದು ಮುಖವನ್ನು ಮಾಡಿಕೊಂಡನು. ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಭಾವವಿಲ್ಲದೆ ಬಾಣ ನೆಟ್ಟಗೆ ಹೋಗದೆಂಬುದನ್ನು ಆ ಬೇಡರ ಹುಡುಗ ಬಲ್ಲವನಾಗಿದ್ದನು. ಅವನು ದೂರವನ್ನು ಗೆಲ್ಲಲಿಲ್ಲ, ಕೈಯಾರೆ ಸಮೀಪವನ್ನು ಕಟ್ಟಿಕೊಂಡನು.

ಏಕಲವ್ಯನ ಕಥೆಯಲ್ಲಿ ನಮ್ಮ ಪ್ರಶ್ನೆಗೆ ತಗಲುವ ಭಾಗ ಬೇರೆ. ದ್ರೋಣನು ಅವನಿಗೆ ಕಲಿಸಲಿಲ್ಲ. ಕಲಿಸೆನೆಂದು ಹಿಂದಕ್ಕೆ ಕಳುಹಿದವನು. ಆಮೇಲೆ ಕಾಡಿನಲ್ಲಿ ಎದುರಾದಾಗ ದಕ್ಷಿಣೆ ಕೇಳಿದನು. ಕೊಟ್ಟವನ ಔದಾರ್ಯವನ್ನು ನಾವು ಯುಗಯುಗಗಳಿಂದ ಹಾಡುತ್ತ ಬಂದಿದ್ದೇವೆ. ಕೇಳಿದವನಿಗೆ ಕೇಳುವ ಅಧಿಕಾರವೇನಿತ್ತೆಂಬುದನ್ನು ಅಷ್ಟು ಗಟ್ಟಿಯಾಗಿ ವಿಚಾರಿಸಿಲ್ಲ. ಕಲಿಸದೆ ದಕ್ಷಿಣೆ ಕೇಳುವುದೆಂದರೆ ಬಿತ್ತದ ಹೊಲದಲ್ಲಿ ರಾಶಿಗೆ ಹೋಗಿ ನಿಂತಂತೆ. ಈಗ ಶಾಲೆಯ ಕಡೆಗೆ ತಿರುಗಿ ನೋಡೋಣ. ಪರೀಕ್ಷೆಯೆಂಬುದು ಶಾಲೆ ಕೇಳುವ ದಕ್ಷಿಣೆ. ಹತ್ತೊಂಬತ್ತು ತಿಂಗಳು ತಾನು ಹೇಳದ ಪಾಠವನ್ನು 'ಬರುವುದೋ ಇಲ್ಲವೋ' ಎಂದು ಕೇಳುವಾಗ ಶಾಲೆ ನಿಂತಿರುವುದು ಆ ಕಾಡಿನ ಬಯಲಿನಲ್ಲಿಯೇ.

ನಮ್ಮ ರಾಜ್ಯವು ಈ ತೊಡಕನ್ನು ಕಂಡಿತ್ತೆಂದೇ ಹೇಳಬೇಕು. 2021ರ ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಸರಿಯುತ್ತರವನ್ನು ಗುರುತುಮಾಡುವ ರೀತಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಮುಗಿಸಿ, ಬರೆದವರನ್ನು ಬಹುಮಟ್ಟಿಗೆ ಎಲ್ಲರನ್ನೂ ತೇರ್ಗಡೆಗೊಳಿಸಿದರು. ಆಗ ಅದು ದಯೆಯೆನ್ನಿಸಿತು. ನಾವೂ ಹಾಗೆಯೇ ಎಂದೆವು. ಈಗ ಸಂದೇಹ ಬರುತ್ತದೆ. ಕೊಡುವವನ ಕೈಯಿಂದ ಏನೂ ಕಳೆಯದ ದಯೆಯನ್ನು ಸ್ವಲ್ಪ ಬೆಳಕಿಗೆ ಹಿಡಿದು ನೋಡಬೇಕು. ತೇರ್ಗಡೆಯ ಚೀಟಿ ಕೊಟ್ಟು ಕಳುಹುವುದರಿಂದ ಶಾಲೆಯ ಋಣ ತೀರಲಿಲ್ಲ, ಕಡತದಿಂದ ಮಾಯವಾಯಿತು. ಚಿಕ್ಕ ತರಗತಿಗಳಲ್ಲಿಯೂ ಹೀಗೆಯೇ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಮಕ್ಕಳ ಹೆಸರುಗಳು ನಡೆದುಹೋದವು, ಮಕ್ಕಳು ನಡೆಯಲಿಲ್ಲ. ಬಳಿಕ ಗಾಳಿ ತಿರುಗಿತು. 2024ರಲ್ಲಿ ಪರೀಕ್ಷಾಮಂದಿರಗಳಿಗೆ ಕ್ಯಾಮರಾ ಕಣ್ಗಾವಲನ್ನು ಇಟ್ಟಾಗ ತೇರ್ಗಡೆ ನೂರಕ್ಕೆ 73ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಏರಿಸಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ 62ಕ್ಕೆ ಬಂದಿತು. ಕಾರಣಗಳು ಹಲವಿದ್ದಾವು. ನಕಲನ್ನು ತಡೆದದ್ದು ಒಳ್ಳೆಯದೇ. ಆದರೆ 2024ರಲ್ಲಿ ಹತ್ತನೆಯ ತರಗತಿಯಲ್ಲಿ ಕುಳಿತವರು ಬಾಗಿಲು ಮುಚ್ಚಿದಾಗ ಆರನೆಯ ತರಗತಿಯಲ್ಲಿದ್ದ ಮಕ್ಕಳೆಂಬುದನ್ನು ಆ ದಿನಗಳ ಗದ್ದಲದಲ್ಲಿ ಎಷ್ಟು ಮಂದಿ ನೆನೆದರು? ಮೊದಲು ಲೆಕ್ಕವೇ ಬೇಡವೆಂದು ಮುಗುಳ್ನಕ್ಕು, ಆಮೇಲೆ ಬೆರಳನ್ನೇ ಕೇಳಿದಂತಾಯಿತು.

ದೂರದಲ್ಲಿ ಕಲಿತು ಗುರುವಿನೆದುರು ನಿಂತ ಇನ್ನೊಬ್ಬ ಶಿಷ್ಯನ ಕಥೆ ಛಾಂದೋಗ್ಯದಲ್ಲಿದೆ. ಜಬಾಲೆಯ ಮಗ ಸತ್ಯಕಾಮ. ತಂದೆಯ ಗೋತ್ರ ತಿಳಿಯದೆಂದು ನಿಜವನ್ನೇ ನುಡಿದ ಹುಡುಗನನ್ನು ಹಾರಿದ್ರುಮತ ಗೌತಮನು ಶಿಷ್ಯನನ್ನಾಗಿ ಪರಿಗ್ರಹಿಸಿ, ನಾನೂರು ಬಡಕಲು ಹಸುಗಳನ್ನು ಬೇರೆಮಾಡಿ ಅವುಗಳ ಹಿಂದೆ ಕಳುಹಿದನು. ಅವು ಸಾವಿರವಾಗದೆ ಬಾರೆನೆಂದು ಹುಡುಗ ಹೊರಟನು. ವರ್ಷಗಳು ಕಳೆದವು. ಎತ್ತು, ಬೆಂಕಿ, ಹಂಸ, ನೀರುಹಕ್ಕಿ ಒಂದೊಂದು ಒಂದೊಂದು ಪಾದವನ್ನು ಅವನಿಗೆ ಬೋಧಿಸಿದವು. ಮರಳಿ ಬಂದಾಗ ಗುರು ಅವನ ಮುಖವನ್ನು ನೋಡಿದನು. 'ಹಸು ಎಷ್ಟಾದವು' ಎಂದು ಮೊದಲು ಕೇಳಲಿಲ್ಲ. 'ನಿನ್ನ ಮುಖ ಬೆಳಗುತ್ತಿದೆಯಲ್ಲ, ನಿನಗೆ ಹೇಳಿಕೊಟ್ಟವರು ಯಾರು' ಎಂದು ಕೇಳಿದನು. ಮನುಷ್ಯರಲ್ಲದವರು ಹೇಳಿಕೊಟ್ಟರು, ಆದರೂ ಆಚಾರ್ಯನಿಂದ ಕೇಳಿದ ವಿದ್ಯೆಯೇ ನೆಲೆಗೆ ನಿಲ್ಲುವುದೆಂದು ಕೇಳಿಬಲ್ಲೆ, ತಾವೇ ಹೇಳಬೇಕು ಎಂದು ಶಿಷ್ಯ ಬೇಡಿದನು. ಗುರು ಅದನ್ನೇ ಮೊದಲಿಂದ, ಏನೊಂದೂ ಬಿಡದೆ ಹೇಳಿದನು.

ಈ ಕಥೆಯಲ್ಲಿ ನಮ್ಮನ್ನು ಸೆಳೆಯುವುದು ಗೌತಮನ ಕಣ್ಣು. ಅವನು ಮೊದಲು ಮುಖವನ್ನು ನೋಡಿದನು. ದೂರದಲ್ಲಿ ಶಿಷ್ಯನು ಏನನ್ನೋ ಕಲಿತಿರಬಹುದೆಂಬುದನ್ನು ಒಪ್ಪಿದನು. ಒಪ್ಪಿಯೂ, ಇನ್ನು ನಾನು ಬೇಡವೆಂದು ಕೈತೊಳೆದುಕೊಳ್ಳಲಿಲ್ಲ. ನಮ್ಮ ಮಕ್ಕಳೂ ಆ ತಿಂಗಳುಗಳಲ್ಲಿ ಬರಿಗೈಯಲ್ಲಿ ಇರಲಿಲ್ಲ. ಹತ್ತಿಯ ತೂಕವನ್ನು ಕಂಡು ಕೂಲಿಯ ಲೆಕ್ಕ ಹಾಕುವುದನ್ನು ಕಲಿತವರುಂಟು, ತಂಗಿಯನ್ನು ಸಾಕಿದವರುಂಟು, ಹಿರಿಯರು ಉಸಿರಿಗಾಗಿ ಒದ್ದಾಡುವುದನ್ನು ಕಂಡವರುಂಟು. ಅವರನ್ನು ಕಲಿತದ್ದನ್ನು ಮರೆತವರೆಂದಷ್ಟೆ ಎಣಿಸುವ ಶಾಲೆ ಅವರ ಮುಖ ನೋಡಿಲ್ಲ. ಹಾಗೆಂದು ಹೊಲವೇ ಪಾಠಶಾಲೆ, ಕೂಲಿಯೇ ವಿದ್ಯೆ ಎಂದು ಹಾಡಿ ಹೊಗಳುವ ಸುಖವಂತರ ಮಾತು ನಮಗೆ ಇನ್ನೂ ಬೇಡವಾದದ್ದು. ತಮ್ಮ ಮಕ್ಕಳನ್ನು ಅವರು ಆ ಪಾಠಶಾಲೆಗೆ ಕಳುಹುವುದಿಲ್ಲ. ಇಲ್ಲಿ ಗೌತಮನ ಮೇಲೆಯೂ ನಮ್ಮದೊಂದು ಆಕ್ಷೇಪವಿದೆ: ಪಾಠ ಹೇಳುವ ಮೊದಲೇ ನಾನೂರು ಹಸು ಕಾಯಿಸಿದ್ದೇಕೆ? ಶ್ರುತಿಯ ಮೇಲೆ ಆಕ್ಷೇಪವೆತ್ತಿದೆನೆಂದು ಹಿರಿಯರು ಕೋಪಿಸಬಾರದು. ಇದೇ ಆಕ್ಷೇಪವನ್ನು ಅದೇ ಶ್ರುತಿಯೇ ಮುಂದಿನ ಕಥೆಯಲ್ಲಿ ಎತ್ತುತ್ತದೆ.

ಆ ಮುಂದಿನ ಕಥೆಯನ್ನು ನಮ್ಮಲ್ಲಿ ಹೆಚ್ಚಾಗಿ ಹೇಳುವುದಿಲ್ಲ. ಈ ಸತ್ಯಕಾಮನೇ ಮುಂದೆ ಗುರುವಾದನು. ಉಪಕೋಸಲನೆಂಬ ಶಿಷ್ಯ ಹನ್ನೆರಡು ವರ್ಷ ಅವನ ಅಗ್ನಿಗಳನ್ನು ಕಾಯ್ದನು. ಉಳಿದ ಶಿಷ್ಯರಿಗೆ ವಿದ್ಯೆ ಮುಗಿಸಿ ಮನೆಗೆ ಕಳುಹಿದ ಗುರು ಇವನನ್ನು ಮಾತ್ರ ಕಳುಹಲಿಲ್ಲ, ಇವನಿಗೆ ಹೇಳಿಕೊಡಲೂ ಇಲ್ಲ. ಹುಡುಗ ಚೆನ್ನಾಗಿ ಸೇವೆ ಮಾಡಿದ್ದಾನೆ, ಅವನಿಗೆ ಹೇಳಿಕೊಡಿರೆಂದು ಹೆಂಡತಿ ಬೇಡಿದಳು. ಗುರು ಕೇಳದೆ ಪ್ರವಾಸ ಹೊರಟುಹೋದನು. ಹುಡುಗ ಮನೋವ್ಯಥೆಯಿಂದ ಊಟ ಬಿಟ್ಟನು. 'ಏಕಪ್ಪಾ ಉಣ್ಣಲೊಲ್ಲೆ' ಎಂದು ಗುರುಪತ್ನಿ ಬಂದು ವಿಚಾರಿಸಿದಳು. ಕಡೆಗೆ ಅವನು ಕಾಯ್ದ ಬೆಂಕಿಗಳೇ ಕನಿಕರಪಟ್ಟು ಅವನಿಗೆ ಬೋಧಿಸಿದವು. ಗುರು ಮರಳಿ ಬಂದನು.

ಮೊದಲೆರಡು ಕಥೆಗಳಲ್ಲಿ ದೂರ ಹೋದವನು ಶಿಷ್ಯ. ಇಲ್ಲಿ ಹೋದವನು ಗುರು, ಮರಳಿದವನೂ ಗುರು. ಶಿಷ್ಯ ಬೆಂಕಿಯ ಮುಂದೆ ಕುಳಿತಲ್ಲಿಯೇ ಇದ್ದಾನೆ. ಒಂದನೆಯ ತರಗತಿಯ ಕಿಟಕಿಯ ಕೆಳಗೆ ಕುಳಿತ ನಮ್ಮ ಹುಡುಗನ ಕಥೆ ಇದೇ. ಆ ಗುರುಪತ್ನಿಯ ಪ್ರಶ್ನೆಯೂ ನಮಗೆ ಅಪರಿಚಿತವಲ್ಲ. 2002ರಲ್ಲಿ ಶಾಲೆಯ ಬಿಸಿಯೂಟ ಮೊದಲಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಉಂಡೆಯಾ ಎಂದು ಮಗುವನ್ನು ಕೇಳುವುದು ಶಾಲೆಯ ಕೆಲಸವೆಂಬುದನ್ನು ಈ ನಾಡು ಅಂದೇ ಒಪ್ಪಿಕೊಂಡಿತ್ತು. ಬಾಗಿಲು ಮುಚ್ಚಿದಾಗ ಅಕ್ಕಿಬೇಳೆಗಳನ್ನು ಹಂಚಿದರು. ಕೇಳುವ ಬಾಯಿ ಇಲ್ಲವಾಯಿತು.

ಇಲ್ಲಿ ಉಪಾಧ್ಯಾಯ ಮಿತ್ರರು ನೊಂದು ಕೇಳಿಯಾರು: ಇದು ನಮ್ಮ ತಪ್ಪೇ? ನಾವು ಸತ್ಯಕಾಮನಂತೆ ಪ್ರವಾಸ ಹೋಗಿದ್ದೆವೇ? ರೋಗಿಗಳ ಸಮೀಕ್ಷೆಗೆ ಮನೆಮನೆ ತಿರುಗಿದವರು ಯಾರು, ಆ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರು ಯಾರು? ಈ ಪ್ರಶ್ನೆಗಳಿಗೆ ತಲೆಬಾಗಲೇಬೇಕು. ಬಾಗಿಲು ಮುಚ್ಚಿದ್ದು ತಪ್ಪೆಂದೂ ನಾವು ಹೇಳುತ್ತಿಲ್ಲ. ಅಷ್ಟು ದೀರ್ಘವಾಗಿ ಮುಚ್ಚಬೇಕಿತ್ತೇ ಎಂಬುದು ಬೇರೆ ಚರ್ಚೆ. ನಾವು ಹೇಳುವುದಿಷ್ಟೆ. ತಪ್ಪಿಲ್ಲದಲ್ಲಿಯೂ ಋಣವಿರಬಹುದು. ಮಳೆ ಕೈಕೊಟ್ಟು ತಂದೆ ಮಾಡಿದ ಸಾಲವನ್ನು ಮಗ ತೀರಿಸುತ್ತಾನೆ. ತಂದೆಯ ತಪ್ಪೂ ಅಲ್ಲ, ಮಗನ ತಪ್ಪೂ ಅಲ್ಲ. ಮಳೆಯ ಮೇಲೆ ದಾವೆ ಹೂಡುವಂತಿಲ್ಲ. ಆದರೂ ಧಾನ್ಯ ಕೊಟ್ಟ ನೆರೆಯವನು ಬಾಗಿಲಿಗೆ ಬಂದರೆ, ಮಳೆಯದು ತಪ್ಪು, ಹೋಗಯ್ಯಾ ಎಂದು ಮರ್ಯಾದಸ್ಥನು ಹೇಳುವುದಿಲ್ಲ. ತಪ್ಪನ್ನು ಹುಡುಕುತ್ತ ಹೋದರೆ ಋಣ ಮರೆತುಹೋಗುತ್ತದೆ. ಈ ಐದಾರು ವರ್ಷ ನಮ್ಮಲ್ಲಿ ಆದದ್ದು ಅದೇ. ಇನ್ನು ಋಣಿಗಳು ಉಪಾಧ್ಯಾಯರೊಬ್ಬರೇ ಎಂದೂ ಅಲ್ಲ. ಖಾಲಿ ಬಿದ್ದ ಹುದ್ದೆಗಳನ್ನು ವರ್ಷಾನುಗಟ್ಟಲೆ ತುಂಬದೆ ಅತಿಥಿ ಶಿಕ್ಷಕರಿಂದ ಕಾಲ ನೂಕುವ ಸರಕಾರವೂ, ತಮ್ಮ ಮಕ್ಕಳಿಗೆ ಮನೆಯಲ್ಲೊಂದು ಕೋಣೆ, ಕೈಗೊಂದು ಯಂತ್ರ ಕೊಟ್ಟು ಮಿಕ್ಕವರ ಮಕ್ಕಳನ್ನು ಮರೆತ ನಮ್ಮಂಥ ಓದುಬಲ್ಲ ಮನೆಗಳವರೂ ಆ ಸಾಲಪತ್ರಕ್ಕೆ ಸಹಿ ಹಾಕಿದವರೇ.

ಸಾಲ ಎಷ್ಟು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರಕಾರಿ ಶಾಲೆಗಳಲ್ಲಿ ಎರಡರಿಂದ ಆರನೆಯ ತರಗತಿಯವರೆಗಿನ 16,067 ಮಕ್ಕಳನ್ನು ಪರಿಶೀಲಿಸಿ 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದು ಸಾಮರ್ಥ್ಯವನ್ನಾದರೂ ಕಳೆದುಕೊಂಡವರು ನೂರಕ್ಕೆ 92. ಗಣಿತದಲ್ಲಿ ನೂರಕ್ಕೆ 82. ಅದು ಒಂದೇ ವರ್ಷದ ಮಾತು; ಚಿಕ್ಕವರಿಗೆ ಬಾಗಿಲು ತೆರೆಯಲು ಆಮೇಲೆಯೂ ಎಂಟು ತಿಂಗಳಿದ್ದವು. 2022-23ರ ವರ್ಷವನ್ನು ನಮ್ಮ ಇಲಾಖೆ 'ಕಲಿಕಾ ಚೇತರಿಕೆ'ಯ ವರ್ಷವೆಂದು ಕರೆದು, ಮೇ 16ರಂದೇ ಶಾಲೆ ಆರಂಭಿಸಿ, ಹಿಂದಿನ ಪಾಠಗಳನ್ನು ಕೈಗೆತ್ತಿಕೊಂಡಿತು. ಚೇತರಿಕೆ ಎಂಬ ಹೆಸರು ನಮಗೆ ಹಿಡಿಸಿತು. ಆದರೆ ಜ್ವರದಿಂದ ಎದ್ದವನ ಚೇತರಿಕೆಗೆ ಪಂಚಾಂಗದಲ್ಲಿ ಕೊನೆಯ ದಿನವನ್ನು ಬರೆದಿಡುವುದುಂಟೆ? ಎರಡು ವರ್ಷದ ಹಸಿವಿಗೆ ಒಂದು ವರ್ಷದ ಪಥ್ಯ ಹಾಕಿ, ಮೂರನೆಯ ವರ್ಷದಿಂದ ಎಲ್ಲರಂತೆ ಉಣ್ಣು, ಎಲ್ಲರಂತೆ ದುಡಿ ಎಂದಂತಾಯಿತು.

ಯರಗೇರೆಯ ಕೃಷ್ಣತುಂಗಾ ಆವರಣದಲ್ಲಿ ವಿಶ್ವವಿದ್ಯಾಲಯವಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು, ರಾಯಚೂರು ವಿಶ್ವವಿದ್ಯಾಲಯವಾಗಿ, ಈಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರನ್ನು ಹೊತ್ತಿದೆ. ಬೇಡರ ಕುಲದವನೆಂದು ಜನ ನಂಬುವ ಕವಿ ಗುರುಪೀಠದಲ್ಲಿ. ಏಕಲವ್ಯನ ಓಣಿಯ ಮಕ್ಕಳು ಆ ದಾರಿಯಲ್ಲಿಯೇ ಹತ್ತಿಯ ಹೊಲಕ್ಕೆ. ಇಬ್ಬರ ನಡುವೆ ಇರುವುದು ಹನ್ನೆರಡು ತರಗತಿಗಳು. ಅದನ್ನು ದಾಟಿ ಬಂದವರು ಅಲ್ಲಿ ಓದುತ್ತಿದ್ದಾರೆ ಎಂಬುದು ಸಂತೋಷ. ಆ ಪ್ರೌಢ ವಿದ್ಯಾರ್ಥಿಗಳಿಗೆ ಕಾಲೇಜಿನ ಬಾಗಿಲು 2020ರ ನವೆಂಬರ್ 17ರಂದೇ ತೆರೆಯತೊಡಗಿತ್ತು; ಅಕ್ಷರ ತಿದ್ದುವ ಕೂಸುಗಳ ಸರದಿ ಬಂದದ್ದು ಹನ್ನೊಂದು ತಿಂಗಳ ಮೇಲೆ. ದೂರವನ್ನು ತಾಳಬಲ್ಲವರಿಗೆ ಮೊದಲು ಸಮೀಪ, ತಾಳಲಾರದವರಿಗೆ ಕೊನೆಗೆ. ಸೋಂಕಿನ ಭಯದಿಂದ ಹಾಗಾಯಿತೆಂಬುದು ಸರಿ. ವಿದ್ಯೆಯ ದೃಷ್ಟಿಯಿಂದ ಅದು ತಲೆಕೆಳಗು.

ಕಳೆದುಹೋದ ವರ್ಷಗಳನ್ನು ಕೊಡಬಲ್ಲವರಾರೆಂದು ಕೇಳಿದರೆ ನಮ್ಮ ಸೀಮೆಯ ಹಳಬರು ಕೂಡಲೆ ಒಂದು ಹೆಸರು ಹೇಳುತ್ತಾರೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು ಗೋಪಾಲದಾಸರು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದವರು ಜಗನ್ನಾಥದಾಸರು, ಹರಿಕಥಾಮೃತಸಾರದ ಕರ್ತೃಗಳು. ಸಂಪ್ರದಾಯದ ಕಥೆಯನ್ನು ಎಲ್ಲರೂ ಬಲ್ಲರು. ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ವಿದ್ವಾಂಸರಾಗಿದ್ದ ಜಗನ್ನಾಥದಾಸರು, ಕನ್ನಡದಲ್ಲಿ ಹಾಡುವ ವಿಜಯದಾಸರ ಪಂಕ್ತಿಗೆ ಹೊಟ್ಟೆನೋವೆಂದು ನೆಪ ಹೇಳಿ ಹೋಗಲಿಲ್ಲ. ನೆಪವೇ ನಿಜವಾಗಿ ವ್ಯಾಧಿ ಹಿಡಿದು ಆಯುಸ್ಸು ತೀರುತ್ತ ಬಂದಿತು. ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರಂತೆ. ನಡೆದದ್ದೋ ನಂಬಿದ್ದೋ ಎಂಬ ಚರ್ಚೆ ನಮಗೆ ಬೇಡ. ದ್ರೋಣನು ಶಿಷ್ಯನ ಬೆರಳನ್ನು ಪಡೆದನು. ಈ ಗುರು ತನ್ನ ವರ್ಷಗಳನ್ನು ಕೊಟ್ಟನು. ಎರಡೂ ಗುರುಶಿಷ್ಯರ ಕಥೆಗಳೇ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ: ಇಲ್ಲಿ ದೂರ ಹೋದದ್ದು ಶಿಷ್ಯನ ಗರ್ವದಿಂದ, ತಪ್ಪೂ ಅವನದೇ, ಆದರೂ ಕೊಟ್ಟವರು ಗುರು. ತಪ್ಪೇ ಇಲ್ಲದ ಮಕ್ಕಳ ವಿಷಯದಲ್ಲಿ ಏನು ಹೇಳೋಣ?

ಆಯುಸ್ಸನ್ನು ಧಾರೆಯೆರೆಯುವ ತಪಸ್ಸು ನಮಗಾರಿಗೂ ಇಲ್ಲ. ಆದರೆ ಹೊತ್ತನ್ನು ಕೊಡಬಹುದು, ಹೊತ್ತೆಂದರೂ ಆಯುಸ್ಸೇ. ಏಳನೆಯ ತರಗತಿಯ ಹುಡುಗನಿಗೆ ಕಡ ತರುವ ಲೆಕ್ಕ ಬಾರದಿದ್ದರೆ ಆ ಲೆಕ್ಕದಿಂದಲೇ ಆರಂಭಿಸುವ ಸ್ವಾತಂತ್ರ್ಯ ಉಪಾಧ್ಯಾಯರಿಗೆ ಬೇಕು. ಆರಂಭಿಸಿದ್ದಕ್ಕೆ ಪಾಠ ಹಿಂದುಳಿಯಿತೆಂದು ಮೇಲಿನವರು ಜವಾಬು ಕೇಳಕೂಡದು. ಸಂಜೆ ಒಂದು ಗಂಟೆ ಊರಿನ ಓದಿದವರು, ನಿವೃತ್ತರು, ವಿಶ್ವವಿದ್ಯಾಲಯದ ಹುಡುಗರು ಗುಡಿಯ ಕಟ್ಟೆಗೆ ಬಂದು ಕುಳಿತರೆ ನಿಂತುಹೋದ ವಿದ್ಯಾಗಮ ಮತ್ತೆ ನಡೆದೀತು. ಇದಕ್ಕೆ ಸುತ್ತೋಲೆ ಬೇಕಾಗಿಲ್ಲ.

ಆ ಉಪಾಧ್ಯಾಯಿನಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆವು. ಆಕೆ ಆ ಹುಡುಗನನ್ನು ಅಂದು ಎಬ್ಬಿಸಲಿಲ್ಲ. ಹಾಜರಿಯನ್ನು ಮೂರನೆಯ ತರಗತಿಯಲ್ಲಿಯೇ ಬರೆದು, ದಿನಕ್ಕೊಂದು ತಾಸು ಅವನನ್ನೂ ಅವನಂಥ ಇನ್ನು ನಾಲ್ವರನ್ನೂ ಒಂದನೆಯ ಕೋಣೆಯಲ್ಲಿ ಕೂಡಿಸಿಕೊಂಡು ಅ ಆ ಇ ಈ ಇಂದ ಮೊದಲಿಟ್ಟರಂತೆ. ದೀಪಾವಳಿ ಕಳೆದು ಸಂಕ್ರಾಂತಿ ಬರುವ ಹೊತ್ತಿಗೆ ಹುಡುಗ ತಾನಾಗಿಯೇ ಎದ್ದು ಪಕ್ಕದ ಕೋಣೆಗೆ ಹೋದನು. ಈಗ ಅವನು ಏಳನೆಯ ತರಗತಿಯನ್ನು ಮುಟ್ಟಿದ್ದಾನೆ. ಓದುತ್ತಾನೆ, ಭಾಗಾಕಾರ ಇನ್ನೂ ತಡವರಿಸುತ್ತದೆ. ಹತ್ತಿಯ ಸುಗ್ಗಿಯಲ್ಲಿ ವಾರಕ್ಕೆರಡು ದಿನ ಕಾಣುವುದಿಲ್ಲ. ಅಂಥ ಬೆಳಗುಗಳಲ್ಲಿ ಆಕೆ ಶಾಲೆಗೆ ಹೋಗುವ ಮುನ್ನ, ಕೂಲಿಯವರನ್ನು ತುಂಬಿಕೊಳ್ಳುವ ಟಂಟಂ ಬಂದು ನಿಲ್ಲುವ ಕೂಟಿಗೆ ಹೋಗಿ, ಅದು ಹೊರಡುವವರೆಗೆ ಸುಮ್ಮನೆ ನಿಲ್ಲುತ್ತಾರಂತೆ. ಬೈಯುವುದಿಲ್ಲ, ತಾಯಿಗೆ ಬುದ್ಧಿ ಹೇಳುವುದೂ ಇಲ್ಲ. ಆಕೆಯನ್ನು ಕಂಡು ಕೆಲವು ದಿನ ಹುಡುಗ ಇಳಿದು ಬರುತ್ತಾನೆ, ಕೆಲವು ದಿನ ತಲೆ ತಗ್ಗಿಸಿ ಕುಳಿತೇ ಹೋಗುತ್ತಾನೆ.